ಎಲ್ಲದಕ್ಕೂ ‘ಮಾಡು’ ಸಾಲದು

ಪ್ರಶ್ನೆ: ‘ಡಿಡ್ ಎ ಮಿಸ್ಟೇಕ್’, ‘ಸ್ಟ್ರಾಂಗ್ ರೇನ್’ ಎಂದು ಬರೆದಿದ್ದೆ. ವ್ಯಾಕರಣ ಸರಿ, ಆದರೆ ಇಂಗ್ಲಿಷ್ ಅನ್ನಿಸುವುದಿಲ್ಲ ಎಂದರು. ಯಾವ ಪದಕ್ಕೆ ಯಾವುದು ಜೋಡಿ ಎಂದು ತಿಳಿಯುವುದು ಹೇಗೆ? ಪರೀಕ್ಷೆ ಬರೆಯುವುದಕ್ಕೆ ‘ರೈಟ್ ಆ್ಯನ್ ಎಕ್ಸಾಮ್’ ಎಂದರೂ ತಪ್ಪೇ?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ನಮ್ಮ ‘ಮಾಡು’ ತಪ್ಪಿಗೂ ಊಟಕ್ಕೂ ಫೋನಿಗೂ ಒದಗುತ್ತದೆ. ಇಂಗ್ಲಿಷಿನಲ್ಲಿ ನಾಮಪದವೇ ಯಜಮಾನ. ಕ್ರಿಯಾಪದವನ್ನು ಅದೇ ಆರಿಸಿಕೊಳ್ಳುತ್ತದೆ: ‘ಮೇಕ್ ಎ ಮಿಸ್ಟೇಕ್’, ‘ಹ್ಯಾವ್ ಲಂಚ್’, ‘ಡು ದ ಡಿಶಸ್’. ಹೊಸದಾಗಿ ಉಂಟುಮಾಡಿದರೆ ‘ಮೇಕ್’, ಕೆಲಸವಾದರೆ ‘ಡು’ ಎಂಬ ಸೂತ್ರ ಅರ್ಧ ದಾರಿಗಷ್ಟೇ ಬರುತ್ತದೆ. ‘ಡು ಡ್ಯಾಮೇಜ್’ ಎದುರಾದೊಡನೆ ಕೈಕೊಡುತ್ತದೆ.

‘ಜೋರು’ ಕೂಡ ಹಾಗೆಯೇ. ಮಳೆ, ಟ್ರಾಫಿಕ್ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಕಾರಣ ಕೇಳುತ್ತ ಕೂರಬೇಡಿ, ಬಳಕೆ ಹಾಗಿದೆ.

ಆದ್ದರಿಂದ ನಿಘಂಟಿನಲ್ಲಿ ‘ಮೇಕ್’ ಹುಡುಕದೆ ‘ಮಿಸ್ಟೇಕ್’ ಹುಡುಕಿ, ಅರ್ಥ ಬಿಟ್ಟು ಉದಾಹರಣೆ ವಾಕ್ಯಗಳನ್ನು ಓದಿ. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳಲ್ಲಿ ಇಂಥ ಜೋಡಿಗಳನ್ನು ಹೆಚ್ಚಾಗಿ ದಪ್ಪಕ್ಷರದಲ್ಲಿ ಕೊಟ್ಟಿರುತ್ತಾರೆ. ನೋಟ್‌ಬುಕ್ಕಿನಲ್ಲಿ ನಾಮಪದವನ್ನು ನಡುವೆ ಬರೆದು, ಎಡಕ್ಕೆ ಕ್ರಿಯಾಪದ, ಮೇಲೆ ಗುಣವಾಚಕ ಸೇರಿಸಿ. ‘ಡಿಸಿಶನ್’ಗೆ ಎಡದಲ್ಲಿ ‘ಮೇಕ್’, ‘ರೀಚ್’. ಮೇಲೆ ‘ಟಫ್’, ‘ಹೇಸ್ಟಿ’. ದಿನಕ್ಕೆ 3 ನಾಮಪದ ಸಾಕು. ಒಂಟಿ ಪದಗಳ ಉದ್ದ ಪಟ್ಟಿ ಉರುಹೊಡೆದರೆ ಬರೆಯುವಾಗ ಮತ್ತೆ ಕನ್ನಡದ ಕ್ರಿಯಾಪದವೇ ಕೈಗೆ ಸಿಗುತ್ತದೆ.

ಇನ್ನು ‘ರೈಟ್ ಆ್ಯನ್ ಎಕ್ಸಾಮ್’. ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಚಿಂತೆಯಿಲ್ಲ. ಬ್ರಿಟನ್ನಿನವರು ‘ಟೇಕ್’ ಅಥವಾ ‘ಸಿಟ್’ ಎನ್ನುತ್ತಾರೆ. ‘ಗಿವ್’ ಎಂದರೆ ಮಾತ್ರ ಪರೀಕ್ಷೆ ನಡೆಸುವವರು ನೀವೇ ಎಂದುಕೊಂಡಾರು!