ಲಾಕ್ ಕಡತವನ್ನು ಗಿಟ್‌ಗೆ ಸೇರಿಸಬೇಕೆ?

ಪ್ರಶ್ನೆ: ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯನ್ನು ತೋರಿಸುವ ಜಾಲತಾಣವೊಂದನ್ನು ನಾವು ಗೆಳತಿಯರು ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಕೋಡನ್ನು ಬ್ರೌಸರ್‌ನ ಹೊರಗೆ ನಡೆಸುವ ತಂತ್ರಾಂಶ) ಬಳಸಿ ಸಿದ್ಧಪಡಿಸುತ್ತಿದ್ದೇವೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುವ ಕೋಡ್, ಗೆಳತಿ ಅದನ್ನೇ ಇಳಿಸಿಕೊಂಡು ‘ಎನ್‌ಪಿಎಂ ಇನ್‌ಸ್ಟಾಲ್’ (ಪ್ಯಾಕೇಜ್‌ಗಳನ್ನು, ಅಂದರೆ ಇತರರು ಬರೆದಿಟ್ಟ ಸಿದ್ಧ ಕೋಡನ್ನು, ಇಳಿಸಿಕೊಳ್ಳುವ ಆದೇಶ) ಕೊಟ್ಟಾಗ ಎರರ್ ತೋರಿಸುತ್ತದೆ. ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಾದ ‘ಪ್ಯಾಕೇಜ್ ಡಾಟ್ ಜೆಸನ್’ ಇಬ್ಬರಲ್ಲೂ ಒಂದೇ. ‘ಪ್ಯಾಕೇಜ್ ಲಾಕ್’ ಕಡತ ಸಾವಿರಾರು ಸಾಲುಗಳಷ್ಟಿರುವುದರಿಂದ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿ ಹಂಚಿಕೊಳ್ಳುವ ತಂತ್ರಾಂಶಕ್ಕೆ) ಸೇರಿಸಿಲ್ಲ.
– ವಿದ್ಯಾರ್ಥಿನಿ, ತುಮಕೂರು

ಉತ್ತರ: ನಿಮ್ಮ ತೊಂದರೆಯ ಮೂಲ ಬಹುಮಟ್ಟಿಗೆ ಆ ಕೊನೆಯ ವಾಕ್ಯದಲ್ಲೇ ಇದೆ. ಪ್ಯಾಕೇಜ್ ಡಾಟ್ ಜೆಸನ್‌ನಲ್ಲಿ ಎಕ್ಸ್‌ಪ್ರೆಸ್ ಎಂಬ, ಜಾಲತಾಣ ಕಟ್ಟಲು ಬಳಸುವ ಪ್ಯಾಕೇಜ್‌ನ ಮುಂದೆ ‘^4.17.1’ ಎಂದಿದ್ದರೆ, 4.17.1 ಅಥವಾ ಅದಕ್ಕಿಂತ ಹೊಸದಾದ, ಆದರೆ 5.0.0ಕ್ಕಿಂತ ಹಿಂದಿನ ಯಾವುದೇ ಆವೃತ್ತಿ ಆಗಬಹುದೆಂದು ಅರ್ಥ. ಆದ್ದರಿಂದ ಕೆಲವು ತಿಂಗಳ ಅಂತರದಲ್ಲಿ ಇನ್‌ಸ್ಟಾಲ್ ಮಾಡಿದ ಇಬ್ಬರಿಗೆ ಬೇರೆ ಬೇರೆ ಆವೃತ್ತಿಗಳು ಸಿಗುವುದು ಸಹಜ.

ಹಾಗಾದರೆ ‘^’ ಚಿಹ್ನೆಯನ್ನು ತೆಗೆದುಬಿಟ್ಟರೆ ಸಾಲದೇ ಎಂದು ನೀವು ಕೇಳಬಹುದು; ಸಾಲದು. ಎಕ್ಸ್‌ಪ್ರೆಸ್ ತಾನೇ ಹತ್ತಾರು ಪ್ಯಾಕೇಜ್‌ಗಳನ್ನು ಅವಲಂಬಿಸಿದೆ, ಅವು ಮತ್ತೆ ಬೇರೆಯವನ್ನು ಅವಲಂಬಿಸಿವೆ, ಮತ್ತು ನೀವು ಹೆಸರು ಸಹ ಬರೆಯದ ಈ ಪ್ಯಾಕೇಜ್‌ಗಳ ಆವೃತ್ತಿಯನ್ನು ನಿಮ್ಮ ಪಟ್ಟಿ ಹಿಡಿದಿಡಲಾರದು. 2017ರಲ್ಲಿ ಎನ್‌ಪಿಎಂನ 5ನೇ ಆವೃತ್ತಿಯೊಂದಿಗೆ ಬಂದ ಲಾಕ್ ಕಡತವು ಪ್ರತಿಯೊಂದು ಪ್ಯಾಕೇಜ್‌ನ ನಿಖರ ಆವೃತ್ತಿಯನ್ನೂ, ಅದು ಎಲ್ಲಿಂದ ಬಂತೆಂಬುದನ್ನೂ, ಇಳಿಸಿಕೊಂಡದ್ದು ಅದೇ ಹೌದೇ ಎಂದು ತಾಳೆ ನೋಡುವ ಹ್ಯಾಶ್ ಅನ್ನೂ ದಾಖಲಿಸುತ್ತದೆ. ಅದು ದೊಡ್ಡದಾಗಿರುವುದೇ ಈ ಕಾರಣಕ್ಕೆ. ಗಿಟ್‌ನಿಂದ ಹೊರಗಿಡಬೇಕಾದದ್ದು ಇಳಿಸಿಕೊಂಡ ಪ್ಯಾಕೇಜ್‌ಗಳಿರುವ ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್ ಮಾತ್ರ.

ಲಾಕ್ ಕಡತದ ಹೆಸರು ‘ಗಿಟ್ ಇಗ್ನೋರ್’ನಲ್ಲಿ (ಗಿಟ್‌ಗೆ ಸೇರಿಸಬಾರದ ಕಡತಗಳ ಪಟ್ಟಿಯಲ್ಲಿ) ಇದ್ದರೆ ತೆಗೆದು, ಕೋಡ್ ಸರಿಯಾಗಿ ನಡೆಯುತ್ತಿರುವ ನಿಮ್ಮ ಲ್ಯಾಪ್‌ಟಾಪ್‌ನ ಲಾಕ್ ಕಡತವನ್ನೇ ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ). ಗೆಳತಿ ತಮ್ಮಲ್ಲಿರುವ ಲಾಕ್ ಕಡತವನ್ನು ಅಳಿಸಿ, ನಿಮ್ಮದನ್ನು ಪುಲ್ ಮಾಡಿಕೊಂಡು (ಗಿಟ್ ಮೂಲಕ ಇಳಿಸಿಕೊಂಡು), ‘ಎನ್‌ಪಿಎಂ ಸಿಐ’ ಆದೇಶ ಕೊಡಲಿ. ಇದು ಹಳೆಯ ನೋಡ್ ಮಾಡ್ಯೂಲ್ಸ್ ಅನ್ನು ಅಳಿಸಿ ಲಾಕ್‌ನಲ್ಲಿರುವಂತೆಯೇ ಇನ್‌ಸ್ಟಾಲ್ ಮಾಡುತ್ತದೆ. ಲಾಕ್‌ಗೂ ಪಟ್ಟಿಗೂ ಹೊಂದಿಕೆಯಾಗದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಆಮೇಲೂ ತೊಂದರೆ ಉಳಿದರೆ ಇಬ್ಬರ ನೋಡ್ ಆವೃತ್ತಿಗಳನ್ನು ಹೋಲಿಸಿ ನೋಡಿ, ಏಕೆಂದರೆ ಲಾಕ್ ಕಡತವು ನೋಡ್ ಅನ್ನೇ ಕಟ್ಟಿಹಾಕುವುದಿಲ್ಲ.

ಎರರ್ ಬಂದಾಗಲೆಲ್ಲ ಲಾಕ್ ಕಡತವನ್ನೇ ಅಳಿಸಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ನನ್ನ ಮಟ್ಟಿಗೆ ಅದು ರೋಗಕ್ಕಿಂತ ಕೆಟ್ಟ ಮದ್ದು. ಇಬ್ಬರ ಬದಲಾವಣೆಗಳು ಮರ್ಜ್ ಆಗುವಾಗ (ಒಂದುಗೂಡುವಾಗ) ಲಾಕ್‌ನಲ್ಲಿ ಕಾನ್‌ಫ್ಲಿಕ್ಟ್ (ಘರ್ಷಣೆ) ಬಂದರೆ, ಮೊದಲು ಪ್ಯಾಕೇಜ್ ಡಾಟ್ ಜೆಸನ್ ಅನ್ನು ಸರಿಪಡಿಸಿ ‘ಎನ್‌ಪಿಎಂ ಇನ್‌ಸ್ಟಾಲ್’ ಕೊಡಿ. ಲಾಕ್ ಅನ್ನು ಎನ್‌ಪಿಎಂ ತಾನೇ ಸರಿಪಡಿಸಿಕೊಳ್ಳುತ್ತದೆ.