ಹಿಮ ಬೀಳುವ ಚಳಿಗಾಲದಲ್ಲಿ ಕುದುರೆಗೆ ಎಂಥ ಕಂಬಳಿ ಹೊದಿಸಬೇಕು?

ಕಂಬಳಿ ಎಷ್ಟು ದಪ್ಪ ಇರಬೇಕು, ಲಾಯಕ್ಕೆ ಹೀಟರ್ ಬೇಕಾ ಅಂತ ಕೇಳಿದ್ದೀರಿ. ನನ್ನ ಮೊದಲ ಚಳಿಗಾಲದಲ್ಲಿ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳಿದ್ದೆ. ನೀರಿನ ವಿಷಯ ಕೇಳಲೇ ಇಲ್ಲ. ಹದಿನಾಲ್ಕು ವರ್ಷದ ಹೆಣ್ಣು ಕುದುರೆಯನ್ನು ಕಳೆದುಕೊಂಡೆ.

ಆ ವಾರ ಹಗಲಲ್ಲೂ ಸೊನ್ನೆಗಿಂತ ಕೆಳಗೇ ಇತ್ತು. ಲಾಯದ ಸಂದುಗಳನ್ನೆಲ್ಲ ಮುಚ್ಚಿದೆ, ಕಂಬಳಿ ಹೊದಿಸಿದೆ, ಹೊಟ್ಟೆ ತುಂಬಿರಲಿ ಅಂತ ಒಣಹುಲ್ಲು ಹೆಚ್ಚಿಗೆ ಹಾಕಿದೆ. ಬೆಳಿಗ್ಗೆ ಎದ್ದು ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆಯುತ್ತಿದ್ದೆ, ನೀರಿದೆ ಅಂತ ನೋಡಿ ಬರುತ್ತಿದ್ದೆ. ತಪ್ಪಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೊಟ್ಟಿ ತುಂಬಿತ್ತು, ನಿಜ. ಆದರೆ ಹಿಂದಿನ ದಿನವೂ ಅಷ್ಟೇ ತುಂಬಿತ್ತು, ಅದರ ಹಿಂದಿನ ದಿನವೂ. ಅಂದರೆ ಅವಳು ಕುಡಿದೇ ಇಲ್ಲ! ಒಡೆದ ಸ್ವಲ್ಪ ಹೊತ್ತಿಗೇ ಮತ್ತೆ ಪದರ ಕಟ್ಟುತ್ತಿತ್ತು. ಕಟ್ಟದಿದ್ದಾಗಲೂ ಆ ಕೊರೆಯುವ ನೀರಿಗೆ ಮೂತಿ ತಾಗಿಸಿ ಹಿಂದೆ ಸರಿಯುತ್ತಿದ್ದಳು. ಚಳಿಗೆ ಬಾಯಾರಿಕೆ ಕಡಿಮೆ, ಬೇಕಾದರೆ ಹಿಮ ನೆಕ್ಕುತ್ತಾಳೆ ಅಂದುಕೊಂಡೆ. ಹಿಮ ನೆಕ್ಕಿ ಕುದುರೆಯ ದಾಹ ತೀರುವುದಿಲ್ಲ. ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 25ರಿಂದ 40 ಲೀಟರ್ ನೀರು ಬೇಕು. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಒಣಹುಲ್ಲಿನಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಅಷ್ಟೇ. ಆ ಕೊರತೆಯನ್ನು ತೊಟ್ಟಿಯೇ ತುಂಬಬೇಕು. ನಾನು ಒಣಹುಲ್ಲು ಹೆಚ್ಚಿಸಿದೆ, ನೀರು ಇಳಿಯಿತಾ ಅಂತ ನೋಡಲಿಲ್ಲ.

ಲದ್ದಿ ನೋಡಿದ್ದರೂ ಗೊತ್ತಾಗುತ್ತಿತ್ತು. ಉಂಡೆಗಳು ಚಿಕ್ಕದಾಗಿ, ಗಟ್ಟಿಯಾಗಿ, ಲೋಳೆ ಸವರಿದ ಹಾಗೆ ಹೊಳೆಯುತ್ತಿದ್ದವು. ಚಳಿಗೆ ಗಟ್ಟಿಯಾಗಿದೆ ಅಂತ ಸಲಿಕೆಯಲ್ಲಿ ಎತ್ತಿ ಎಸೆದೆ. ಮರುದಿನ ಲಾಯದಲ್ಲಿ ಲದ್ದಿಯೇ ಇರಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯುತ್ತ, ತಿರುಗಿ ತಿರುಗಿ ಪಕ್ಕೆ ನೋಡಿಕೊಳ್ಳುತ್ತಿದ್ದಳು. ಪಶುವೈದ್ಯರು ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ, ನೀರು ಹಾಕಿದರು, ಡ್ರಿಪ್ ಕೊಟ್ಟರು. ದೊಡ್ಡ ಕರುಳು ಕಿರಿದಾಗಿ ಹಿಂದಕ್ಕೆ ತಿರುಗುವ ಜಾಗದಲ್ಲಿ ಮೇವು ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಬೇಗ ಕರೆದರೆ ಇಂಥವು ಹೆಚ್ಚಿನವು ಗುಣವಾಗುತ್ತವೆ ಅಂದರು. ಎರಡನೇ ರಾತ್ರಿ ಹೋದಳು.

ಅದಕ್ಕೇ ಹೇಳುತ್ತಿದ್ದೇನೆ, ಕಂಬಳಿಗೆ ಇಟ್ಟ ದುಡ್ಡನ್ನು ಮೊದಲು ನೀರಿಗೆ ಹಾಕಿ. ನೀರು ಕಾಯಿಸುವ ತೊಟ್ಟಿ ಕೊಳ್ಳಿ. ವೈರಿಂಗ್ ಸರಿಯಿದೆಯಾ ನೋಡಿಸಿ, ಒಂದು ಸಲ ಮೂತಿಗೆ ಶಾಕ್ ಹೊಡೆದರೆ ಕುದುರೆ ಆ ತೊಟ್ಟಿಯ ಹತ್ತಿರ ಸುಳಿಯುವುದಿಲ್ಲ. ಅದಾಗದಿದ್ದರೆ ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರು ಹೊತ್ತು ಹಾಕಿ. ಬಕೀಟಿನ ಒಳಗೆ ಗೆರೆ ಎಳೆದು, ಎಷ್ಟು ಇಳಿಯಿತು ಅಂತ ಬರೆದಿಡಿ. ಮೇವಿನಲ್ಲಿ ದಿನಕ್ಕೆ ಸುಮಾರು 30 ಗ್ರಾಂ ಉಪ್ಪು ಬೆರೆಸಿ, ಬಾಯಾರಿ ನೀರು ಕುಡಿಯುತ್ತದೆ.

ಇನ್ನು ಬಿಸಿಯ ಮಾತು. ಒಣಹುಲ್ಲೇ ಅವುಗಳ ಒಲೆ. ಕರುಳಿನಲ್ಲಿ ನಾರು ಹುದುಗುವಾಗ ಹುಟ್ಟುವ ಶಾಖ ಮೈಯನ್ನು ಬೆಚ್ಚಗಿಡುತ್ತದೆ. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ, ಕಡುಚಳಿಯಲ್ಲಿ ಇನ್ನಷ್ಟು. ನೀರು ಕುಡಿಯುತ್ತಿದ್ದರೆ ಮಾತ್ರ.

ಹೀಟರ್ ಬೇಡವೇ ಬೇಡ. ಬಿಗಿಯಾಗಿ ಮುಚ್ಚಿದ ಲಾಯದಲ್ಲಿ ಉಚ್ಚೆಯ ಅಮೋನಿಯಾ, ಹುಲ್ಲಿನ ಧೂಳು ಸೇರಿ ಶ್ವಾಸಕೋಶ ಕೆಡಿಸುತ್ತವೆ. ಗಾಳಿಗೆ ಅಡ್ಡವಾಗಿ ಮೂರು ಕಡೆ ಗೋಡೆ, ಮೇಲೊಂದು ಸೂರು, ಕೆಳಗೆ ಒಣ ಹಾಸು ಸಾಕು. ಚಳಿಗೆ ಬೆಳೆದ ಕೂದಲು ನೆಟ್ಟಗೆ ನಿಂತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತೆಳು ಕಂಬಳಿ ಅದನ್ನೇ ಅಮುಕಿಬಿಡುತ್ತದೆ. ಬೆನ್ನ ಮೇಲೆ ಹಿಮ ಕರಗದೆ ಕೂತಿದ್ದರೆ ಗಾಬರಿಯಾಗಬೇಡಿ, ಒಳಗಿನ ಬಿಸಿ ಹೊರಗೆ ಹೋಗುತ್ತಿಲ್ಲ ಅಂತ ಅರ್ಥ. ಮಳೆಗೆ ತೊಯ್ದು ತೊಪ್ಪೆಯಾದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಮುದಿ ಕುದುರೆಗೆ, ಬಡಕಲಾದದ್ದಕ್ಕೆ, ಮೈಕೂದಲು ಕತ್ತರಿಸಿದ್ದಕ್ಕೆ ನೀರು ಇಳಿಯದ ಕಂಬಳಿ ಬೇಕು. ಹೊದಿಸಿದರೆ ದಿನಾ ತೆಗೆದು ಕೈಯಾಡಿಸಿ. ಪಕ್ಕೆಲುಬು ಎದ್ದದ್ದು ದಟ್ಟ ಕೂದಲಿನ ಅಡಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ನಿಮ್ಮದಕ್ಕೆ ವಯಸ್ಸೆಷ್ಟು, ಹಲ್ಲು ಹೇಗಿವೆ ಅಂತ ತಿಳಿಸಿ. ಅಷ್ಟರೊಳಗೆ ಇವತ್ತು ಎಷ್ಟು ಸಲ ಲದ್ದಿ ಹಾಕಿದೆ ಅಂತ ಎಣಿಸಿ ನೋಡಿ.