ರೆಗೆಯನ್ನು ಹುಟ್ಟುಹಾಕಿದವರು ಬಾಬ್ ಮಾರ್ಲಿಯೇ?

ಜಮೈಕಾದ ಸಂಗೀತ ಪ್ರಕಾರವಾದ ರೆಗೆ ಅಲ್ಲಿನ ಗಾಯಕ ಮಾರ್ಲಿಯ ಸೃಷ್ಟಿಯೇ, ಅದಕ್ಕೂ ಮೊದಲಿನ ಕುಣಿತದ ಸಂಗೀತವಾದ ಸ್ಕಾಗೂ ಅದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ಅಲ್ಲ, ಅದು ಒಬ್ಬರ ಸೃಷ್ಟಿಯಲ್ಲ. 1962ರಲ್ಲಿ ಜಮೈಕಾ ಸ್ವತಂತ್ರವಾದಾಗ ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ, ದೊಡ್ಡ ಧ್ವನಿಪೆಟ್ಟಿಗೆಗಳನ್ನಿಟ್ಟು ನಡೆಸುತ್ತಿದ್ದ ಕುಣಿತದ ಕೂಟಗಳಲ್ಲಿ ಮೊಳಗುತ್ತಿದ್ದುದು ವೇಗದ ಸ್ಕಾ. 1966ರ ಸುಮಾರಿಗೆ ಲಯ ನಿಧಾನವಾಗಿ ರಾಕ್‌ಸ್ಟೆಡಿ ಎಂಬ ಪ್ರಕಾರ ಬಂತು. 1968ರಲ್ಲಿ ಟೂಟ್ಸ್ ಹಿಬರ್ಟ್ ಅವರ ಮೇಟಲ್ಸ್ ತಂಡ ತನ್ನ ಹಾಡೊಂದರ ಹೆಸರಿನಲ್ಲೇ ‘ರೆಗೆ’ ಪದವನ್ನು ಬಳಸಿತು.

ವ್ಯತ್ಯಾಸ ತಿಳಿಯಲು ಮೊದಲು ಬೇಸ್ ಗಿಟಾರನ್ನು ಕೇಳಿಸಿಕೊಳ್ಳಿ. ರೆಗೆಯಲ್ಲಿ ಹಾಡನ್ನು ಹೊತ್ತು ನಡೆಯುವುದು ಅದೇ. ಗಿಟಾರ್ ಮಾತ್ರೆಗಳ ನಡುವಿನ ಬಿಡುವಿನಲ್ಲಿ ಚುಟುಕಾಗಿ ಮಿಡಿಯುತ್ತದೆ. ‘ಒನ್ ಡ್ರಾಪ್’ ನಡೆಯಲ್ಲಿ ಡ್ರಮ್ ಮೊದಲ ಮಾತ್ರೆಯನ್ನು ಖಾಲಿ ಬಿಟ್ಟು ಮೂರನೆಯದಕ್ಕೆ ಬೀಳುತ್ತದೆ. ಆ ಖಾಲಿ ಜಾಗವೇ ನನಗೆ ಅತ್ಯಂತ ಪ್ರಿಯವಾದದ್ದು. ಎದೆ ಅಲ್ಲಿ ಒಂದು ಕ್ಷಣ ಕಾಯುತ್ತದೆ.

ಮಾರ್ಲಿ ಮತ್ತು ಅವರ ತಂಡವಾದ ವೇಲರ್ಸ್ ಸ್ಕಾ ಕಾಲದಿಂದಲೇ ಹಾಡುತ್ತಿದ್ದವರು. 1973ರ ‘ಕ್ಯಾಚ್ ಎ ಫೈರ್’ ಆಲ್ಬಂ ಅವರನ್ನು ಹೊರದೇಶಗಳಿಗೆ ತಲುಪಿಸಿತು. ಜಮೈಕಾದಲ್ಲಿ ಹುಟ್ಟಿದ ಧರ್ಮವಾದ ರಸ್ತಾಫರಿಯ ನಂಬಿಕೆಯನ್ನೂ ಬಡವರ ಸಿಟ್ಟನ್ನೂ ಅಷ್ಟು ದೂರ ಒಯ್ದ ಹಿರಿಮೆ ಖಂಡಿತ ಮಾರ್ಲಿಯದು. ಆದರೂ ನೀವು ಟೂಟ್ಸ್ ಹಿಬರ್ಟ್ ಅವರಿಂದಲೇ ಕೇಳಲು ಆರಂಭಿಸಿ.